ತೆರೆ ಮೇಲೆ ಬಸ್ಸೇ ಇಲ್ಲ, ಆದ್ರೂ ಬಸ್ ಬಂತು: ಕಿರುಚಿತ್ರಕ್ಕೆ ಸೌಂಡ್ ಡಿಸೈನ್ ಮಾಡೋದು ಹೇಗೆ

ನಮ್ಮ ಶಿರಸಿ, ಕುಮಟಾ, ಕಾರವಾರ ಕಡೆ ಕಿರುಚಿತ್ರ ಮಾಡೋರಿಗೇನೂ ಕಮ್ಮಿ ಇಲ್ಲ ಈಗ. ಕ್ಯಾಮೆರಾ ಬಾಡಿಗೆಗೆ ಸಿಗತ್ತೆ, ಡ್ರೋನ್ ಇಟ್ಕೊಂಡೋರು ಊರಿಗೊಬ್ರಾದ್ರೂ ಇದಾರೆ, ಲೊಕೇಶನ್ನಿಗಂತೂ ಮನೆ ಹಿತ್ಲಿಂದ ಆಚೆ ಹೋಗೋದೇ ಬೇಡ. ಆದ್ರೆ ಇಷ್ಟು ಚಂದದ ಪಿಕ್ಚರ್ ಇದ್ದೂ ಎರಡನೇ ನಿಮಿಷಕ್ಕೆ ನೋಡೋರು ಜೇಬಿಂದ ಮೊಬೈಲ್ ತೆಗೀತಾರೆ ಅಂದ್ರೆ ಬಹಳ ಸಲ ತಪ್ಪು ಇರೋದು ಶಬ್ದದಲ್ಲಿ, ಮಾತು ಬಾವಿಯೊಳಗಿಂದ ಬಂದ ಹಾಗೆ, ಗಾಳಿ ಗೊರಗೊರ, ಮೇಲಿಂದ ಯೂಟ್ಯೂಬಲ್ಲಿ ಸಿಕ್ಕಿದ ದುಃಖದ ಪಿಯಾನೋ. ಮಸುಕಾದ ಶಾಟ್ ಒಂದೆರಡು ಇದ್ರೆ ಜನ ಸಹಿಸ್ತಾರೆ, ಮಾತು ಕೇಳ್ಸದೇ ಇದ್ರೆ ಸಹಿಸಲ್ಲ.

ಪ್ರತಿ ಸೀನಿಗೂ ನಾನು ಮೊದ್ಲು ಕೇಳ್ಕೊಳೋ ಪ್ರಶ್ನೆ ಒಂದೇ: ಇದನ್ನ ಯಾರ ಕಿವೀಲಿ ಕೇಳ್ತಿದೀವಿ? ಅದಕ್ಕೆ ಉತ್ತರ ಸಿಕ್ರೆ ಯಾವ ಶಬ್ದ ಬೇಕು, ಯಾವುದು ಬೇಡ, ಯಾವುದು ದೊಡ್ಡದು ಅನ್ನೋದೆಲ್ಲ ಅದರ ಹಿಂದೇನೇ ಬರತ್ತೆ. ಸಿಗ್ಲಿಲ್ಲ ಅಂದ್ರೆ ನೂರು ಟ್ರ್ಯಾಕ್ ಹಾಕಿದ್ರೂ ನೋಡೋರು ಹೊರಗೇ ಕೂತಿರ್ತಾರೆ.

ಹೆಜ್ಜೆ 1: ಸ್ಕ್ರಿಪ್ಟ್ ಓದೋದು, ಪೆನ್ಸಿಲ್ ಹಿಡ್ಕೊಂಡು

ಒಂದು ಸೀನ್ ಉದಾಹರಣೆಗೆ ಇಟ್ಕೊಳೋಣ, ಕೊನೇ ತನಕ ಇದನ್ನೇ ಹಿಡ್ಕೊಂಡು ಹೋಗ್ತೀನಿ. ಶಿರಸಿ ಹತ್ರದ ಹಳ್ಳಿ, ಜನವರಿ ರಾತ್ರಿ, ಹೆಂಚಿನ ಮನೆ ಜಗುಲಿ. ಅಮ್ಮ ಮೆಟ್ಟುಗತ್ತಿ ಇಟ್ಕೊಂಡು ಅಡಿಕೆ ಸುಲೀತಾ ಕೂತಿದಾಳೆ. ಮಗ ಕಾರವಾರದಿಂದ ಹೊರಟಿದಾನೆ, ಊರಿಗೆ ಬರೋ ಕೊನೇ ಬಸ್ಸಿಗೆ ಬರ್ಬೇಕು. ಬಸ್ ಬರತ್ತೆ, ನಿಲ್ಲತ್ತೆ, ಹೋಗತ್ತೆ, ಮಗ ಬರಲ್ಲ. ಕ್ಯಾಮೆರಾ ಜಗುಲಿ ಬಿಟ್ಟು ಕದಲಲ್ಲ, ಬಸ್ ತೆರೆ ಮೇಲೆ ಕಾಣೋದೇ ಇಲ್ಲ. (ರಾತ್ರಿ ಹೊತ್ತು ಬಸ್ ಬಾಡಿಗೆಗೆ ತಂದು ಲೈಟ್ ಹಾಕಿ ಶೂಟ್ ಮಾಡೋ ದುಡ್ಡೂ ಉಳೀತು ಅನ್ನಿ.)

ಸ್ಕ್ರಿಪ್ಟಲ್ಲಿ ಕೊನೆಗೊಂದು ಡೈಲಾಗ್ ಇದ್ದೇ ಇರತ್ತೆ, ಅಮ್ಮ ಒಳಗೆ ನೋಡಿ 'ಮಾಣಿ ಬೈಂದ್ನಿಲ್ಲೆ' (ಹುಡುಗ ಬಂದಿಲ್ಲ) ಅಂತಾಳೆ. ಆ ಮಾತು ಇಲ್ದೇನೇ ನೋಡೋರಿಗೆ ಗೊತ್ತಾಗ್ಬೇಕು, ಅದು ನಮ್ಮ ಕೆಲ್ಸ.

ಪೇಪರಲ್ಲಿ ಮೂರು ಕಾಲಂ ಹಾಕಿ. ಒಂದರಲ್ಲಿ ಕಾಣೋದು, ಇನ್ನೊಂದರಲ್ಲಿ ಕೇಳೋದು, ಮೂರನೇದರಲ್ಲಿ ಕೇಳ್ಬೇಕಿತ್ತು ಆದ್ರೆ ಕೇಳ್ಸಲ್ಲ ಅನ್ನೋದು. ಮೊದಲೆರಡು ಎಲ್ರೂ ಬರೀತಾರೆ, ಮೂರನೇದನ್ನ ಬರಿಯೋರು ಕಮ್ಮಿ, ಕಥೆ ಇರೋದು ಅಲ್ಲೇ. ನಮ್ಮ ಸೀನಲ್ಲಿ ಮೂರನೇ ಕಾಲಮ್ಮಲ್ಲಿ ಬರೋದು: ದಣಪೆ (ಅಂಗಳದ ಬಾಯಿಗೆ ಅಡ್ಡ ಹಾಕಿರೋ ಗಳ) ಸರಿಸೋ ಶಬ್ದ, ಅಂಗಳದ ದರಕಿನ (ಒಣ ಎಲೆ) ಮೇಲೆ ಪರಿಚಯದ ಹೆಜ್ಜೆ, ನಾಯಿ ಮನೇವ್ರನ್ನ ಕಂಡಾಗ ಕುಂಯ್‌ಗುಟ್ಟೋದು. ಅಮ್ಮ ಕಾಯ್ತಿರೋದು ಈ ಮೂರಕ್ಕೆ. ಯಾರ ಕಿವಿ ಅನ್ನೋ ಪ್ರಶ್ನೆಗೂ ಉತ್ತರ ಸಿಕ್ತು ನೋಡಿ, ಅಮ್ಮನ ಕಿವಿ.

ಹೆಜ್ಜೆ 2: ಲೊಕೇಶನ್ನಿಗೆ ಹೋಗಿ ಕಣ್ಣು ಮುಚ್ಚಿ ಕೂರೋದು

ಡೈರೆಕ್ಟರು, ಕ್ಯಾಮೆರಾದೋರು ಜಾಗ ನೋಡೋಕೆ ಹೋದಾಗ ನೀವೂ ಜೊತೆಗೆ ಹೋಗಿ, ಸಾಧ್ಯ ಆದ್ರೆ ಶೂಟಿಂಗ್ ಯಾವ ಹೊತ್ತಿಗೋ ಅದೇ ಹೊತ್ತಿಗೆ. ಐದು ನಿಮಿಷ ಕಣ್ಣು ಮುಚ್ಚಿ ಕೂತು ಫೋನಲ್ಲಿ ರೆಕಾರ್ಡ್ ಮಾಡಿ, ಮನೆಗೆ ಬಂದು ಹೆಡ್‌ಫೋನ್ ಹಾಕ್ಕೊಂಡು ಕೇಳಿ. ಅಲ್ಲಿದ್ದಾಗ ನಮ್ಮ ಮಿದುಳು ಬೇಡದ ಶಬ್ದ ಎಲ್ಲ ತಾನೇ ಬದಿಗೆ ಸರಿಸಿರತ್ತೆ, ಮೈಕಿಗೆ ಆ ಬುದ್ಧಿ ಇಲ್ಲ.

ಘಟ್ಟದ ಮೇಲಿನ ಶತ್ರುಗಳು ಬೇರೆ, ಕೆಳಗಿನವು ಬೇರೆ. ಮೇಲೆ ತೋಟದ ಪಂಪ್‌ಸೆಟ್, ಸೀಸನ್ನಲ್ಲಿ ಪಕ್ಕದ ಮನೆ ಅಡಿಕೆ ಸುಲಿಯೋ ಮಷಿನ್, ಫ್ರಿಜ್ಜು. ಫ್ರಿಜ್ ಆಫ್ ಮಾಡಿದ್ರೆ ನಿಮ್ಮ ಬೈಕ್ ಕೀ ಅದರೊಳಗೇ ಇಟ್ಬಿಡಿ, ಹೊರಡೋವಾಗ ಕೀ ಹುಡುಕಿದಾಗ ಫ್ರಿಜ್ ಆನ್ ಮಾಡೋದು ನೆನಪಾಗತ್ತೆ, ಇಲ್ಲಾಂದ್ರೆ ಮನೇವ್ರ ಹಾಲು ಮೊಸರೆಲ್ಲ ಹಾಳಾಗಿ ಮತ್ತೆ ಆ ಮನೆಗೆ ಕಾಲಿಡೋ ಹಾಗಿಲ್ಲ. ಕೆಳಗೆ ಕಾರವಾರ, ಅಂಕೋಲಾ ಕಡೆ ಹೆದ್ದಾರಿ 66ರ ಲಾರಿಗಳು, ಕೊಂಕಣ ರೈಲ್ವೆ, ಬೈತಖೋಲ್ ಬಂದರಲ್ಲಿ ಬೋಟಿನ ಎಂಜಿನ್ನು. ನೌಕಾನೆಲೆ ಆಸುಪಾಸಲ್ಲಿ ಮೈಕು, ಹೆಡ್‌ಫೋನು ಹಾಕ್ಕೊಂಡು ಅನುಮತಿ ಇಲ್ದೇ ನಿಲ್ಲೋಕೆ ಹೋಗ್ಬೇಡಿ, ವಿವರಣೆ ಕೊಟ್ಟು ಸಾಕಾಗಿ ಹೋಗತ್ತೆ.

ಕಡಲ ದಂಡೆ ಸೀನ್ ಇದ್ರೆ ಸ್ವಲ್ಪ ಹುಷಾರು. ಅಲೆ ಶಬ್ದ ತಗ್ಗು ಸ್ವರದಿಂದ ಮೇಲಿನ ಸ್ವರದ ತನಕ ಎಲ್ಲಾ ಕಡೆ ಹರಡಿರತ್ತೆ, ಮನುಷ್ಯರ ಮಾತು ಇರೋ ಜಾಗದಲ್ಲೂ ಅದೇ ಇರತ್ತೆ, ಆಮೇಲೆ ಸಾಫ್ಟ್‌ವೇರಲ್ಲಿ ನಾಯ್ಸ್ ತೆಗಿಯೋಕೆ ಹೋದ್ರೆ ಮಾತೂ ನೀರಲ್ಲಿ ಮುಳುಗಿದ ಹಾಗೆ ಆಗತ್ತೆ. ಇನ್ನೊಂದು ತಲೆನೋವು, ಒಂದು ಅಲೆ ಇದ್ದ ಹಾಗೆ ಇನ್ನೊಂದಿರಲ್ಲ, ಹಾಗಾಗಿ ಎರಡು ಶಾಟ್ ಕತ್ತರಿಸಿ ಜೋಡಿಸಿದಾಗ ಅಲೆ ಅರ್ಧಕ್ಕೆ ಕಡಿದು ಬೇರೆ ಅಲೆ ಶುರುವಾಗತ್ತೆ. ನನ್ನ ಪ್ರಕಾರ ಮಾತಿನ ಸೀನನ್ನ ಆದಷ್ಟು ನೀರಿಂದ ಹಿಂದೆ ಇಡ್ಬೇಕು, ಮೈಕು ಬಾಯಿಗೆ ಹತ್ರ ಇರ್ಬೇಕು, ಅಲೆ ಶಬ್ದ ಬೇರೆ ರೆಕಾರ್ಡ್ ಮಾಡ್ಕೊಂಡು ಕೆಳಗಿಂದ ಒಂದೇ ಉದ್ದಕ್ಕೆ ಹಾಸ್ಬೇಕು. ಹಿಂದೆ ಅಂತ ಹೇಳಿ ಟಾಗೋರ್ ಬೀಚಿನ ಗಾಳಿಮರದ ಬುಡಕ್ಕೆ ಹೋದ್ರೆ ಅಲ್ಲಿ ಮರನೇ ಸುಂಯ್ ಅನ್ನತ್ತೆ, ಅದನ್ನೂ ನೋಡ್ಕೊಳ್ಳಿ. ಮಧ್ಯಾಹ್ನದ ಹೊತ್ತಿಗೆ ನೆಲ ಕಾದು ಕಡಲಗಾಳಿ ಜೋರಾಗತ್ತೆ, ಬೆಳಗಿನ ಜಾವ ನೆಲದ ಕಡೆಯಿಂದ ಮೆಲ್ಲಗೆ ಬೀಸ್ತಾ ಇರತ್ತೆ, ಅದಕ್ಕೇ ದಂಡೆ ಮೇಲಿನ ಮಾತು ಬೆಳಗ್ಗೆ ಬೇಗ ಮುಗಿಸೋದು ಒಳ್ಳೇದು.

ಹೆಜ್ಜೆ 3: ಮಾತು ಹಿಡಿಯೋದು

ರೆಕಾರ್ಡರ್ ಸೆಟ್ಟಿಂಗ್ 48 ಕಿಲೋಹರ್ಟ್ಸ್, 24 ಬಿಟ್. ಮಾತಿನ ಅತಿ ಜೋರು ಜಾಗ ಮೀಟರಲ್ಲಿ ಮೈನಸ್ 12 ಡಿಬಿ (ಡೆಸಿಬೆಲ್, ಶಬ್ದದ ಮಟ್ಟದ ಅಳತೆ) ಸುತ್ತಮುತ್ತ ಇರ್ಲಿ, ಕಿರುಚೋ ಸೀನಿದ್ರೆ ಇನ್ನೂ ಕೆಳಗೆ. ಈಗ 32 ಬಿಟ್ ಫ್ಲೋಟ್ ರೆಕಾರ್ಡರ್‌ಗಳು ಕೈಗೆಟುಕೋ ರೇಟಿಗೆ ಬಂದಿವೆ, ಅದರಲ್ಲಿ ಲೆವೆಲ್ ಹೆಚ್ಚುಕಮ್ಮಿ ಆದ್ರೂ ಆಮೇಲೆ ಸರಿ ಮಾಡ್ಬಹುದು, ಆದ್ರೆ ಮೈಕೇ ದೂರ ಇದ್ರೆ ಯಾವ ಬಿಟ್ಟೂ ಕಾಪಾಡಲ್ಲ.

ಮೈಕಿನ ರೇಟಿಗಿಂತ ಮೈಕಿನ ದೂರ ಮುಖ್ಯ. ಬಯಲಲ್ಲಿ ದೂರ ಎರಡರಷ್ಟಾದ್ರೆ ಮಾತು 6 ಡಿಬಿ ಇಳಿಯತ್ತೆ, ಸುತ್ತಲಿನ ಗದ್ದಲ ಇದ್ದ ಹಾಗೇ ಇರತ್ತೆ. ಅದಕ್ಕೇ ಕ್ಯಾಮೆರಾ ಮೇಲೆ ಕೂರ್ಸಿದ ದುಬಾರಿ ಮೈಕಿಗಿಂತ ನಟರ ತಲೆ ಮೇಲಿಂದ ಒಂದೂವರೆ ಅಡಿ ದೂರಕ್ಕೆ ಬೂಮಲ್ಲಿ (ಉದ್ದ ಕೋಲಲ್ಲಿ) ಇಳಿಸಿದ ಸಾಧಾರಣ ಮೈಕು ವಾಸಿ. ಬೂಮ್ ಇಲ್ವಾ, ಅಡಿಕೆ ಕೊಯ್ಯೋ ದೋಟಿ ತುಂಡು ಸಾಕು, ಅದೇನು ತೆರೆ ಮೇಲೆ ಕಾಣತ್ತಾ? ಬಟ್ಟೆಯೊಳಗೆ ಲೇಪಲ್ (ಬಟ್ಟೆಗೆ ಸಿಕ್ಕಿಸೋ ಪುಟ್ಟ ಮೈಕು) ಹಾಕೋದಾದ್ರೆ ಗಂಜಿ ಹಾಕಿದ ಕಾಟನ್ ಸೀರೆ, ರೇಷ್ಮೆ ಸೀರೆ ಎರಡೂ ಸರಬರ ಅನ್ನತ್ತೆ, ಹಳೇ ಮೆತ್ತನೆ ಸೀರೆ ಉಡ್ಸಿ ಅಂತ ಕಾಸ್ಟ್ಯೂಮಿನೋರಿಗೆ ಮೊದ್ಲೇ ಹೇಳ್ಬಿಡಿ.

ಪ್ರತಿ ಲೊಕೇಶನ್ನಲ್ಲೂ ಪ್ಯಾಕಪ್ಪಿಗೆ ಮುಂಚೆ ಎರಡು ಕೆಲ್ಸ ಬಿಡ್ಬಾರ್ದು. ಒಂದು ರೂಮ್ ಟೋನ್, ಎಲ್ರೂ ನಿಂತಲ್ಲೇ ನಿಂತು ಒಂದು ನಿಮಿಷ ಬಾಯಿ ಮುಚ್ಕೊಂಡಿರ್ಬೇಕು, ಆ ಜಾಗದ ಬರೀ ಮೌನ ರೆಕಾರ್ಡ್ ಆಗ್ಬೇಕು, ಎಡಿಟಲ್ಲಿ ಮಾತು ಮಾತಿನ ಮಧ್ಯದ ತೂತು ಮುಚ್ಚೋದು ಇದ್ರಿಂದ. ಹುಡುಗ್ರು ನಗ್ತಾರೆ, ನಗ್ಲಿ, ಮತ್ತೆ ಮಾಡಿ. ಇನ್ನೊಂದು, ಲಾರಿ ಹಾರ್ನ್ ಬಂದು ಕೆಟ್ಟಿದ್ದ ಡೈಲಾಗನ್ನ ಕ್ಯಾಮೆರಾ ಇಲ್ದೇ ನಟರ ಹತ್ರ ಅಲ್ಲೇ ಮತ್ತೆ ಹೇಳಿಸ್ಕೊಳೋದು. ನಮ್ಮ ಇಂಡಸ್ಟ್ರೀಲಿ ಬಹಳ ಕಾಲದಿಂದ ಡಬ್ಬಿಂಗ್ ರೂಢಿ, ಆದ್ರೆ ಹವ್ಯಕರ ಮಾತೋ ಹಾಲಕ್ಕಿಗಳ ಮಾತೋ ಇರೋ ಚಿತ್ರಕ್ಕೆ ಜಗುಲೀಲಿ ಕೂತು ಆಡಿದ ಮಾತಿನ ಎಳೆತ ಗಾಜಿನ ರೂಮಲ್ಲಿ ನಿಂತು ಹೇಳಿದ್ರೆ ಬರಲ್ಲ, ಹಾಗಾಗಿ ಸಿಂಕ್ ಸೌಂಡೇ (ಶೂಟಿಂಗ್ ಹೊತ್ತಲ್ಲೇ ಮಾತು ಹಿಡಿಯೋದು) ಮಾಡಿ ಅನ್ನೋದು ನನ್ನ ಹಠ.

ಹೆಜ್ಜೆ 4: ಆಂಬಿಯೆನ್ಸ್, ಊರು ಇರೋದು ಇದರಲ್ಲಿ

ನೋಡೋರನ್ನ ಕಥೆಯೊಳಗೆ ಕೂರ್ಸೋ ಅರ್ಧ ಕೆಲ್ಸ ಹಿನ್ನೆಲೆ ಶಬ್ದ ಮಾಡತ್ತೆ, ಅದೂ ಅವ್ರಿಗೆ ಗೊತ್ತಾಗದ ಹಾಗೆ. ಆದ್ರೆ ತಪ್ಪಿದ್ರೆ ಮಾತ್ರ ಊರವ್ರಿಗೆ ತಕ್ಷಣ ಗೊತ್ತಾಗತ್ತೆ. ನಮ್ಮ ಸೀನ್ ಅಡಿಕೆ ಸುಲಿಯೋ ಕಾಲದ್ದು, ಅಂದ್ರೆ ಚಳಿಗಾಲ. ಅಲ್ಲಿ 'ಮಲೆನಾಡಿನ ರಾತ್ರಿ' ಅಂತ ಕಪ್ಪೆ ವಟಗುಟ್ಟೋದನ್ನ ಹಾಕಿದ್ರೆ ಮುಗೀತು, ಕಪ್ಪೆ ಮೇಳ ಮೊದಲ ಮಳೆ ಬಿದ್ಮೇಲೆ. ಜೀರುಂಡೆ ಕಾಡು ಕಿವುಡಾಗೋ ಹಾಗೆ ಕೂಗೋದು ಬೇಸಿಗೆ ಕೊನೆಗೆ, ಮಳೆಗೆ ಮುಂಚೆ. ಕೋಗಿಲೆ ಜೋರಾಗಿ ಕೂಗೋದೂ ಬೇಸಿಗೇಲೇ. ಜನವರಿ ರಾತ್ರಿಗೆ ತೆಳ್ಳಗೆ ಹುಳದ ಸದ್ದು, ದೂರದಲ್ಲೆಲ್ಲೋ ಗೂಬೆ, ಅಪರೂಪಕ್ಕೊಮ್ಮೆ ಬೆಟ್ಟದಿಂದ ಕಾಡುಕುರಿ ಕೂಗು, ಕೊಟ್ಟಿಗೇಲಿ ದನ ಮೈ ಕೊಡವಿದಾಗ ಗಂಟೆ. ಇಷ್ಟು ಸಾಕು, ಇದಕ್ಕಿಂತ ಹೆಚ್ಚು ಹಾಕಿದ್ರೆ ಅದು ಅಭಯಾರಣ್ಯ ಆಗತ್ತೆ.

ಕರಾವಳೀಲೂ ಹಾಗೇ. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಬೋಟೆಲ್ಲ ಬಂದರಲ್ಲಿ ಕಟ್ಟಿರತ್ತೆ. ಮಳೆ ಸುರಿಯೋ ಸೀನಿಗೆ ಟ್ರಾಲರ್ ಎಂಜಿನ್ ಗುಡುಗುಡು ಹಾಕಿದ್ರೆ ಬೈತಖೋಲಿನ ಮಕ್ಕಳೂ ನಗ್ತಾರೆ. ಬದಲಿಗೆ ಹಗ್ಗ ಕಿರ್ ಅನ್ನೋದು, ಕಟ್ಟಿದ ಬೋಟು ಬೋಟಿಗೆ ತಾಗೋ ದಬ್ ದಬ್, ಹೊದ್ಸಿದ ಟಾರ್ಪಾಲ್ ಪಟಪಟ. ಆ ಪಟಪಟ ಒಂದೇ ಸಾಕು, ದುಡಿಮೆ ಇಲ್ಲದ ಎರಡು ತಿಂಗಳು ಅಂತ ಹೇಳೋಕೆ. ಮೀನು ಮಾರ್ಕೆಟ್ ಸೀನಿಗೆ ಹಿಂದಿನ ಜನರ ಗದ್ದಲ ಬೆಂಗಳೂರಿನ ಸಂತೇದು ತಂದು ಹಾಕ್ಬೇಡಿ, ಕಾರವಾರ ಮಾರ್ಕೆಟ್ಟಲ್ಲಿ ಅರ್ಧಕ್ಕರ್ಧ ಕೊಂಕಣಿ ಕೇಳತ್ತೆ.

ಮಳೆ ಅಂತ ಒಂದೇ ಫೈಲ್ ಇಟ್ಕೊಂಡಿರೋರು ದಯವಿಟ್ಟು ಈ ವರ್ಷ ಆಷಾಢದಲ್ಲಿ ಒಂದು ದಿನ ಬಿಡುವು ಮಾಡ್ಕೊಳ್ಳಿ. ಹೆಂಚಿನ ಮೇಲೆ ಬೀಳೋ ಮಳೆ ಒಳಗಿಂದ ಕೇಳೋಕೆ ಬೇರೆ, ತಗಡಿನ ಶೀಟ್ ಮೇಲೆ ಬೇರೆ, ತೋಟದಲ್ಲಿ ಅಡಿಕೆ ಸೋಗೆ ಮೇಲೆ ಬೇರೆ, ಬಾಳೆ ಎಲೆ ಮೇಲೆ ಟಪಟಪ, ಗದ್ದೆ ನೀರಿನ ಮೇಲೆ ಬರೀ ಸೊರ್ ಅಂತ. ಮಳೆ ನಿಂತ ಮೇಲಿನ ಮಾಡಿನ ಹನಿ ಇನ್ನೂ ಬೇರೆ, ನನಗೆ ಕೇಳಿದ್ರೆ ಮಳೆಗಿಂತ ಆ ಹನಿನೇ ಕಥೆ ಹೇಳತ್ತೆ, ಮನೆ ಎಷ್ಟು ಖಾಲಿ ಇದೆ ಅಂತ ಅದ್ರಲ್ಲೇ ಗೊತ್ತಾಗತ್ತೆ.

ರೆಕಾರ್ಡ್ ಮಾಡೋ ಕ್ರಮ: ರೆಕಾರ್ಡರ್ ಟ್ರೈಪಾಡ್ ಮೇಲಿಡಿ, ಕೈಯಲ್ಲಿ ಹಿಡ್ಕೋಬೇಡಿ, ಬೆರಳು ಸರಿಸಿದ್ದೂ ಕೇಳತ್ತೆ. ಶುರುವಿಗೆ ಊರು, ತಾರೀಖು, ಹೊತ್ತು ಬಾಯಲ್ಲಿ ಹೇಳಿ, ಆಮೇಲೆ ದೂರ ಹೋಗಿ ಸುಮ್ಮನೆ ಕೂರಿ, ಕಮ್ಮಿ ಅಂದ್ರೆ ಮೂರ್ನಾಲ್ಕು ನಿಮಿಷ. ಹತ್ರ ಓಡಾಡಿದ್ರೆ ಹುಳಗಳು ಬಾಯಿ ಮುಚ್ಚತ್ವೆ, ಅದು ನೆನಪಿರ್ಲಿ, ಮುಂದೆ ಕೆಲ್ಸಕ್ಕೆ ಬರತ್ತೆ. ಗಾಳಿಗೆ ಬರೀ ಸ್ಪಂಜು ಸಾಲಲ್ಲ, ಕೂದಲಿನ ಕವರ್ ಬೇಕೇ ಬೇಕು. ಸ್ಟೀರಿಯೋಗೆ ಎರಡು ಮೈಕ್ ಇದ್ರೆ 17 ಸೆಂಟಿಮೀಟರ್ ಅಂತರ, 110 ಡಿಗ್ರಿ ಕೋನದಲ್ಲಿಡಿ, ಫ್ರಾನ್ಸಿನ ರೇಡಿಯೋದೋರು ಕಂಡ್ಕೊಂಡ ಕ್ರಮ ಅದು, ಹೆಡ್‌ಫೋನಲ್ಲಿ ಜಾಗ ಬಿಚ್ಕೊಂಡ ಹಾಗಾಗತ್ತೆ. ಫೋನಲ್ಲೇ ಮಾಡೋದಾದ್ರೆ ಲೆವೆಲ್ ತಾನೇ ಏರಿಸಿ ಇಳಿಸೋ ಆಟೋ ಗೇನ್ ಆಫ್ ಮಾಡೋಕಾಗೋ ಆ್ಯಪ್ ಹಾಕ್ಕೊಳ್ಳಿ. ಮಂಗಟ್ಟೆ (ಹಾರ್ನ್‌ಬಿಲ್) ಹಾರೋವಾಗ ರೆಕ್ಕೆ ಬೀಸೋ ಆ ಹುಸ್ ಹುಸ್ ಸಿಕ್ರಂತೂ ಬಿಡ್ಬೇಡಿ, ಹಕ್ಕಿ ಕಾಣೋ ಮುಂಚೆ ರೆಕ್ಕೆ ಕೇಳತ್ತೆ, ಯಾವ ಲೈಬ್ರರಿ ಫೈಲೂ ಅದರ ಸಮಕ್ಕಿಲ್ಲ.

ಫ್ರೀಸೌಂಡ್‌ನಂಥ ಸೈಟಿಂದ ತಗೊಳೋದು ತಪ್ಪಲ್ಲ, ಆದ್ರೆ ಪ್ರತಿ ಫೈಲಿನ ಲೈಸೆನ್ಸ್ ಬೇರೆ ಬೇರೆ ಇರತ್ತೆ, ಕೆಲವಕ್ಕೆ ಹೆಸರು ಹಾಕ್ಲೇಬೇಕು, ಕೆಲವನ್ನ ದುಡ್ಡು ಮಾಡೋ ಕೆಲಸಕ್ಕೆ ಬಳಸೋ ಹಾಗಿಲ್ಲ. ಹಕ್ಕಿ ಕೂಗು ಇರೋ ಫೈಲಾದ್ರೆ ಯಾವ ದೇಶದ್ದು ನೋಡಿ, ಯುರೋಪಿನ ಹಕ್ಕಿ ಶಿರಸೀಲಿ ಕೂಗಿದ್ರೆ ಹಕ್ಕಿ ಗೊತ್ತಿಲ್ಲದವ್ರಿಗೂ ಏನೋ ಸರಿಯಿಲ್ಲ ಅನ್ಸತ್ತೆ.

ಹೆಜ್ಜೆ 5: ಫಾಲಿ

ಹೆಜ್ಜೆ, ಬಟ್ಟೆ, ಪಾತ್ರೆ ಶಬ್ದನೆಲ್ಲ ಚಿತ್ರ ನೋಡ್ತಾ ಮತ್ತೆ ಮಾಡಿ ರೆಕಾರ್ಡ್ ಮಾಡೋದಕ್ಕೆ ಫಾಲಿ ಅಂತಾರೆ, ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಮಾತಿನ ಸಿನಿಮಾ ಶುರುವಾದ ಕಾಲಕ್ಕೆ ಇದನ್ನ ಮಾಡಿ ತೋರ್ಸಿದ ಜ್ಯಾಕ್ ಫಾಲಿ ಹೆಸರೇ ನಿಂತ್ಬಿಟ್ಟಿದೆ. ಸ್ಟುಡಿಯೋ ಬೇಡ, ರಾತ್ರಿ ಹನ್ನೊಂದರ ಮೇಲೆ ಒಂದು ಕೋಣೆ, ಗೋಡೆಗೆ ಎರಡು ಹಾಸಿಗೆ ಒರಗಿಸಿ, ಫ್ಯಾನ್ ಆಫ್.

ಸಾಮಾನು ನಮ್ಮ ಹಿತ್ಲಲ್ಲೇ ಇದೆ. ದರಕಿನ ಮೇಲಿನ ಹೆಜ್ಜೆಗೆ ಒಂದು ಚೀಲ ದರಕು ನೆಲಕ್ಕೆ ಸುರುವಿ ತುಳೀರಿ. ಒಣ ಅಡಿಕೆ ಹಾಳೆ ಮೆಲ್ಲಗೆ ಬಗ್ಗಿಸಿದ್ರೆ ಹಳೇ ಬಾಗಿಲಿನ ಕಿರುಗು, ಜೋರಾಗಿ ತಿರುಚಿದ್ರೆ ಕೊಂಬೆ ಮುರಿದ ಶಬ್ದ. ಒದ್ದೆ ಟವೆಲ್ ಬಕೆಟ್ ಮೇಲೆ ಹಿಂಡಿ ಬಡಿದ್ರೆ ಕೆಸರು. ತೆರೆ ಮೇಲೆ ಕಾಣೋ ವಸ್ತುನೇ ಬೇಕು ಅಂತಿಲ್ಲ, ಕಣ್ಣಿಗೂ ಕಿವಿಗೂ ಒಂದೇ ಕ್ಷಣಕ್ಕೆ ತಾಗಿದ್ರೆ ಮಿದುಳು ಎರಡನ್ನೂ ತಾನೇ ಬೆಸೀತದೆ. ಶಬ್ದ ಚಿತ್ರಕ್ಕಿಂತ 45 ಮಿಲಿಸೆಕೆಂಡ್ ಮುಂಚೆ ಬಂದ್ರೂ ನೋಡೋರಿಗೆ ಗೊತ್ತಾಗತ್ತೆ, ಹಿಂದೆ ಬಿದ್ರೆ ಸುಮಾರು 125ರ ತನಕ ಗೊತ್ತಾಗಲ್ಲ. 24 ಫ್ರೇಮಿನ ಚಿತ್ರದಲ್ಲಿ ಒಂದು ಫ್ರೇಮ್ ಅಂದ್ರೆ ಹತ್ರಹತ್ರ 42 ಮಿಲಿಸೆಕೆಂಡ್. ಅಂದ್ರೆ ಅನುಮಾನ ಇದ್ರೆ ಒಂದು ಫ್ರೇಮ್ ಹಿಂದಕ್ಕೇ ತಳ್ಳಿ, ಮುಂದಕ್ಕೆ ಬೇಡ. ಅಮೆರಿಕದ ಸೌಂಡ್ ಡಿಸೈನರ್ ವಾಲ್ಟರ್ ಮರ್ಚ್ ಕಂಡ್ಕೊಂಡ ಇನ್ನೊಂದು ಉಪಾಯ ಇದೆ, ಒಬ್ಬರು ಇಬ್ಬರು ನಡೆಯೋವಾಗ ಪ್ರತಿ ಹೆಜ್ಜೆನೂ ಕೂರ್ಬೇಕು, ಮೂರು ಜನ ಆದ್ರೆ ಕಿವಿ ಅದನ್ನ ಗುಂಪು ಅಂತ ತಗೊಂಡ್ಬಿಡತ್ತೆ, ಯಾರ ಹೆಜ್ಜೆ ಯಾವುದು ಅಂತ ಯಾರೂ ಲೆಕ್ಕ ಹಾಕಲ್ಲ. ದಿಬ್ಬಣದ ಸೀನಿದ್ರೆ ಒಂದು ರಾತ್ರಿ ಕೆಲ್ಸ ಉಳೀತು.

ಹೆಜ್ಜೆ 6: ಸೀನ್ ಕಟ್ಟೋದು, ಬಸ್ಸು ಬರ್ಸೋದು

ಸಾಫ್ಟ್‌ವೇರ್ ಯಾವುದಾದ್ರೂ ಆಗತ್ತೆ, ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಷನ್ನಲ್ಲೇ ಫೇರ್‌ಲೈಟ್ ಅಂತ ಸೌಂಡಿಗೆ ಬೇರೆ ಪೇಜಿದೆ, ರೀಪರ್ ಇನ್ನೂ ಹಗುರ. ಮೊದ್ಲು ಮಾತು ಸ್ವಚ್ಛ ಮಾಡಿ, ರೂಮ್ ಟೋನ್ ಹಾಸಿ, ಆಮೇಲೆ ಆಂಬಿಯೆನ್ಸ್, ಆಮೇಲೆ ಫಾಲಿ. ಈಗ ನಮ್ಮ ಅಮ್ಮನ ಹತ್ರ ಬರೋಣ.

ಸೀನ್ ಶುರು, ಅಡಿಕೆ ಸುಲಿಯೋ ಶಬ್ದ. ಇದನ್ನ ಮೂರು ತುಂಡಾಗಿ ರೆಕಾರ್ಡ್ ಮಾಡಿ: ಕತ್ತಿ ಸಿಪ್ಪೆಗೆ ಕಚ್ಚೋದು, ಸಿಪ್ಪೆ ರಾಶಿಗೆ ಬೀಳೋದು, ಅಡಿಕೆ ಡಬ್ಬಕ್ಕೆ ಬೀಳೋದು. ಮೊದಲ ಶಾಟಲ್ಲಿ ಡಬ್ಬ ಖಾಲಿ, ಅಡಿಕೆ ಬಿದ್ರೆ ಟಣ್ ಅನ್ನತ್ತೆ. ಮುಂದಿನ ಶಾಟಿಗೆ ಕಟ್ ಆದಾಗ ಅದೇ ಡಬ್ಬ ಟಪ್ ಅನ್ನತ್ತೆ, ಅಡಿಕೆ ಮೇಲೆ ಅಡಿಕೆ ಬೀಳೋ ಶಬ್ದ. ಗಡಿಯಾರ ತೋರ್ಸೋದು, 'ಎರಡು ತಾಸಿನ ನಂತರ' ಅಂತ ಬರೆಯೋದು ಯಾವುದೂ ಬೇಡ, ಅವಳು ಎಷ್ಟೊತ್ತಿಂದ ಕೂತಿದಾಳೆ ಅಂತ ಕಿವಿಗೆ ಗೊತ್ತಾಯ್ತು.

ಈಗ ಬಸ್. ದೂರದ ಶಬ್ದದಲ್ಲಿ ಮೇಲಿನ ಸ್ವರ ಇರಲ್ಲ, ಗಾಳಿ, ಮರ, ಗುಡ್ಡ ಎಲ್ಲ ಸೇರಿ ಅದನ್ನ ಹೀರ್ಕೊಂಡಿರತ್ತೆ, ಉಳಿಯೋದು ಗುಮ್ ಅನ್ನೋ ತಗ್ಗು ಸ್ವರ ಮಾತ್ರ. ಹಾಗಾಗಿ ಬಸ್ಸಿನ ಫೈಲಿಗೆ ತಗ್ಗು ಸ್ವರ ಮಾತ್ರ ಬಿಡೋ ಲೋ ಪಾಸ್ ಫಿಲ್ಟರ್ ಹಾಕಿ 300-400 ಹರ್ಟ್ಸಿಂದ ಶುರು ಮಾಡಿ. ಘಟ್ಟದ ತಿರುವಿನ ರಸ್ತೆ ಅಲ್ವಾ, ಶಬ್ದ ಒಂದೇ ಸಮ ಜೋರಾಗಲ್ಲ, ಒಮ್ಮೆ ಕೇಳತ್ತೆ, ತಿರುವಲ್ಲಿ ಮಾಯ ಆಗತ್ತೆ, ಮತ್ತೆ ಇನ್ನೊಂದು ಕಡೆಯಿಂದ ಬರತ್ತೆ. ಈ ಮಾಯ ಆಗೋದನ್ನ ಹಾಕ್ಲೇಬೇಕು, ನೋಡೋರು ಕಿವಿ ಚೂಪು ಮಾಡೋದೇ ಅಲ್ಲಿ. ಮೊದಲ ಸಲ ಕೇಳಿದಾಗ ಅದು ಲಾರಿನೋ ಬಸ್ಸೋ ಗೊತ್ತಾಗ್ಬಾರ್ದು. ಎರಡನೇ ಸಲಕ್ಕೆ ಕತ್ತಿ ಶಬ್ದ ನಿಲ್ಲತ್ತೆ, ಅಮ್ಮ ಸುಲಿಯೋದು ನಿಲ್ಸಿದಾಳೆ. ಅವಳಿಗೆ ಗೊತ್ತಾಯ್ತು ಅಂದ್ಮೇಲೆ ನಮಗೂ ಗೊತ್ತಾಯ್ತು, ಬಸ್ಸೇ.

ಅಲ್ಲಿಂದ ಮುಂದೆ ಅವಳ ಕಿವಿ ಪೂರ್ತಿ ರಸ್ತೆ ಕಡೆ. ಹುಳದ ಸದ್ದನ್ನ ಹದಿನೈದು ಸೆಕೆಂಡಲ್ಲಿ ಮೆಲ್ಲಗೆ 6-8 ಡಿಬಿ ಇಳಿಸಿ, ಯಾರಿಗೂ ಗೊತ್ತಾಗ್ಬಾರ್ದು ಇಳಿದಿದ್ದು. ಫಿಲ್ಟರ್ ಬಿಚ್ತಾ ಹೋಗಿ, ಗೇರ್ ಬದಲಾಯ್ಸಿದ್ದು ಕೇಳ್ಲಿ, ನಾಯಿ ಎದ್ದು ಮೈ ಕೊಡವಿದ್ದು, ಬ್ರೇಕಿನ ಕೀರಲು. ಬಸ್ ನಿಂತ್ಮೇಲೆ ಎಂಜಿನ್ ಗಡಗಡ, ಬಾಗಿಲು ಧಡ್. ಹಳ್ಳಿ ಸ್ಟಾಪಲ್ಲಿ ಬಸ್ ಎಷ್ಟೊತ್ತು ನಿಲ್ಲತ್ತೆ, ಐದು ಸೆಕೆಂಡು. ನೀವು ಹತ್ತು ಹನ್ನೆರಡು ನಿಲ್ಸಿ. ಅಮ್ಮನಿಗೆ ಅಷ್ಟು ಉದ್ದ ಅನ್ಸತ್ತೆ, ಸಾಮಾನು ಇಳಿಸ್ತಿರ್ಬೇಕು, ಚೀಲ ಭಾರ ಇರ್ಬೇಕು ಅಂತ ಅವಳು ಲೆಕ್ಕ ಹಾಕ್ತಾಳೆ, ನೋಡೋರೂ ಹಾಕ್ತಾರೆ. ಆಮೇಲೆ ಕಂಡಕ್ಟರ್ 'ರೈಟ್ ರೈಟ್', ಬಸ್ ಹೊರಡತ್ತೆ.

ಈಗ ಒಂದು ಸಣ್ಣ ಮೋಸ. ರಸ್ತೇಲಿ ಚಪ್ಪಲಿ ಹೆಜ್ಜೆ ಕೇಳ್ಸಿ, ಜಲ್ಲಿ ಮೇಲೆ, ಎಡಗಡೆಯಿಂದ. ಯಾರೋ ಇಳಿದಿದಾರೆ! ನಾಯಿ ಬೊಗಳತ್ತೆ, ಆದ್ರೆ ಬೊಗಳೋ ರೀತಿ ಪರಕೀಯರಿಗೆ ಬೊಗಳೋದು, ಮನೇವ್ರಿಗಲ್ಲ, ನಾಯಿ ಸಾಕಿದವ್ರಿಗೆಲ್ಲ ಈ ವ್ಯತ್ಯಾಸ ಗೊತ್ತು. ಹೆಜ್ಜೆ ಬಲಕ್ಕೆ ದಾಟಿ ಮುಂದಿನ ಮನೆ ಕಡೆ ಹೋಗತ್ತೆ. ದಣಪೆ ಸರಿಯಲ್ಲ. ಇಲ್ಲಿ ಹುಳದ ಸದ್ದನ್ನ ವಾಪಸ್ ತನ್ನಿ, ಮೊದಲಿದ್ದಕ್ಕಿಂತ 2 ಡಿಬಿ ಜಾಸ್ತೀನೇ, ಅಂಗಳ ಮೊದಲಿಗಿಂತ ದೊಡ್ಡದಾದ ಹಾಗೆ ಅನ್ಸತ್ತೆ. ಸ್ವಲ್ಪ ಹೊತ್ತು ಬಿಟ್ಟು ಡಬ್ಬಕ್ಕೆ ಒಂದು ಅಡಿಕೆ, ಟಪ್. 'ಮಾಣಿ ಬೈಂದ್ನಿಲ್ಲೆ' ಅನ್ನೋ ಡೈಲಾಗನ್ನ ಎಡಿಟರಿಗೆ ಹೇಳಿ ತೆಗೆಸ್ಬಿಡಿ.

ತೆರೆಯಾಚೆ ಶಬ್ದದ ಬಲ ಹೊಸದೇನಲ್ಲ, 1931ರಲ್ಲೇ ಜರ್ಮನಿಯ ಫ್ರಿಟ್ಸ್ ಲಾಂಗ್ ತನ್ನ 'ಎಂ' ಚಿತ್ರದಲ್ಲಿ ಕೊಲೆಗಾರನ ಮುಖ ಸರಿಯಾಗಿ ತೋರ್ಸೋ ಮುಂಚೆ ಅವನ ಸಿಳ್ಳೆ ಕೇಳ್ಸಿ ಹೆದರ್ಸಿದ್ದ. ಕಾಣದ್ದನ್ನ ನೋಡೋರು ತಾವೇ ಕಟ್ಕೋತಾರೆ, ಅವ್ರು ಕಟ್ಕೊಂಡ ಬಸ್ಸು ನೀವು ತೋರ್ಸೋ ಬಸ್ಸಿಗಿಂತ ಯಾವಾಗ್ಲೂ ಅವ್ರಿಗೆ ಹತ್ರದ್ದು.

ಕೆಲವು ಸಣ್ಣ ವಿಷ್ಯ. ಬಯಲಿನ ಶಬ್ದಕ್ಕೆ ಹಾಲ್ ರಿವರ್ಬ್ ಹಾಕ್ಬೇಡಿ, ಕಲ್ಯಾಣಮಂಟಪದಲ್ಲಿ ಬಸ್ ಓಡ್ಸಿದ ಹಾಗಾಗತ್ತೆ. ಗುಡ್ಡದಿಂದ ಮಾರ್ದನಿ ಬೇಕಂದ್ರೆ ಡಿಲೇ ಹಾಕಿ, ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗತ್ತೆ, ಗುಡ್ಡ 170 ಮೀಟರ್ ದೂರ ಇದ್ರೆ ಹೋಗಿ ಬರೋಕೆ ಒಂದು ಸೆಕೆಂಡ್. ಮೌನ ಬೇಕಾದಲ್ಲಿ ಟ್ರ್ಯಾಕ್ ಪೂರ್ತಿ ಖಾಲಿ ಬಿಡ್ಬೇಡಿ, ಸ್ಪೀಕರ್ ಕೆಟ್ಟಿತು ಅಂದ್ಕೋತಾರೆ, ತೆಳ್ಳಗೆ ರೂಮ್ ಟೋನ್ ಇರ್ಲಿ. ಹುಳ ಸಡನ್ನಾಗಿ ನಿಲ್ಸೋದು ಬಹಳ ಗಟ್ಟಿ ಅಸ್ತ್ರ, ಕತ್ತಲಲ್ಲಿ ಯಾರೋ ಬಂದ್ರು ಅಂತ ಮೈ ಜುಂ ಅನ್ನತ್ತೆ, ಹಾಗಾಗಿ ಒಂದು ಚಿತ್ರದಲ್ಲಿ ಒಂದೇ ಸಲ. ಮುಂದಿನ ಸೀನಿನ ಶಬ್ದ ಒಂದೆರಡು ಸೆಕೆಂಡ್ ಮುಂಚೆನೇ ಶುರು ಮಾಡಿದ್ರೆ, ಅಂದ್ರೆ ಅಮ್ಮನ ಮುಖ ಇನ್ನೂ ತೆರೆ ಮೇಲಿರೋವಾಗ್ಲೇ ಬೆಳಗಿನ ಫೋನ್ ರಿಂಗ್ ಬಂದ್ರೆ, ರಾತ್ರಿ ಪೂರ್ತಿ ಅವಳು ಅಲ್ಲೇ ಕೂತಿದ್ದಳೇನೋ ಅನ್ಸತ್ತೆ.

ಹೆಜ್ಜೆ 7: ಮ್ಯೂಸಿಕ್

ಆದಷ್ಟು ತಡವಾಗಿ ಹಾಕಿ, ಸಾಧ್ಯ ಆದ್ರೆ ಹಾಕ್ಲೇಬೇಡಿ. ಮೊದ್ಲು ಮ್ಯೂಸಿಕ್ ಇಲ್ದೇ ಸೀನ್ ನಿಲ್ಲತ್ತಾ ನೋಡಿ. ನಮ್ಮ ಕಡೆ ಚಿತ್ರಗಳಿಗೆ ಒಂದು ರೋಗ ಇದೆ, ಸ್ವಲ್ಪ ಟೆನ್ಷನ್ ಬಂದ್ರೆ ಸಾಕು ಚಂಡೆ. ಯಕ್ಷಗಾನದಲ್ಲಿ ಚಂಡೆಗೆ ಅದರದೇ ಲೆಕ್ಕ, ಅದರದೇ ಜಾಗ ಇದೆ, ವೇಷಕ್ಕೂ ಕುಣಿತಕ್ಕೂ ಹೊಂದ್ಕೊಂಡು ಬರೋದು ಅದು, ಹುಡುಗ ಎಕ್ಸಾಮ್ ಫೇಲಾದ್ದಕ್ಕೆಲ್ಲ ಬಾರ್ಸಿದ್ರೆ ನಗು ಬರತ್ತೆ. ಚಂಡೆ ಬೇಕೇ ಬೇಕು ಅಂದ್ರೆ ದೂರದ ಬಯಲಾಟದಿಂದ ಗಾಳೀಲಿ ತೇಲಿ ಬರೋ ಹಾಗೆ ಹಾಕಿ, ಆಗ ಅದು ಮ್ಯೂಸಿಕ್ಕೂ ಹೌದು, ಊರಿನ ಶಬ್ದನೂ ಹೌದು. ಮೇಳದ ಆಟ ರೆಕಾರ್ಡ್ ಮಾಡಿ ಬಳಸೋದಾದ್ರೆ ಮೇಳದವ್ರ ಒಪ್ಪಿಗೆ ಕೇಳಿ, ಬರವಣಿಗೇಲಿ.

ಹೆಜ್ಜೆ 8: ಮಿಕ್ಸ್ ಮತ್ತೆ ಕೊನೇ ಫೈಲ್

ಮೊದ್ಲು ಮಾತಿನ ಲೆವೆಲ್ ಕೂರ್ಸಿ, ಉಳಿದಿದ್ದನ್ನೆಲ್ಲ ಅದರ ಸುತ್ತ ಹೊಂದ್ಸಿ. ಮಾತಿನ ಟ್ರ್ಯಾಕಿಗೆ 80 ಹರ್ಟ್ಸಿನ ಕೆಳಗಿನದನ್ನ ಹೈ ಪಾಸಲ್ಲಿ ತೆಗೆದ್ರೆ ಗಾಳಿ, ಲಾರಿ ಗುಡುಗು ಅರ್ಧ ಹೋಗತ್ತೆ. ನಮ್ಮ ಕಿವಿಗೆ ಅತಿ ಚುರುಕು ಇರೋದು 2ರಿಂದ 5 ಕಿಲೋಹರ್ಟ್ಸ್ ಸುತ್ತಮುತ್ತ, ಮಾತಿನ ವ್ಯಂಜನ ಎಲ್ಲ ಸ್ಪಷ್ಟ ಆಗೋದೂ ಹೆಚ್ಚುಕಮ್ಮಿ ಅಲ್ಲೇ, ಜೀರುಂಡೆ ಕೂಗೋದೂ ಅಲ್ಲಲ್ಲೇ. ಅದಕ್ಕೇ ಮಾತು ಕೇಳ್ಸದೇ ಇದ್ರೆ ಮಾತು ಜೋರು ಮಾಡೋ ಬದ್ಲು ಜೀರುಂಡೆ ಟ್ರ್ಯಾಕಲ್ಲಿ ಆ ಜಾಗನ 3-4 ಡಿಬಿ ಇಳಿಸಿ ನೋಡಿ.

ಲೌಡ್‌ನೆಸ್ ಎಲ್ಲಿಗೆ ಕೊಡ್ತೀರಿ ಅನ್ನೋದರ ಮೇಲೆ ಹೋಗತ್ತೆ. ಯೂಟ್ಯೂಬ್ ಸುಮಾರು ಮೈನಸ್ 14 ಲಫ್ಸಿಗಿಂತ (ಲಫ್ಸ್ ಅಂದ್ರೆ ಒಟ್ಟು ಎಷ್ಟು ಜೋರು ಅನ್ನೋದರ ಅಳತೆ) ಜೋರಿದ್ದಿದ್ದನ್ನ ತಾನೇ ಇಳಿಸತ್ತೆ, ಯುರೋಪಿನ ಟಿವಿ ಸ್ಟ್ಯಾಂಡರ್ಡ್ ಮೈನಸ್ 23, ನೆಟ್‌ಫ್ಲಿಕ್ಸ್ ಮಾತನ್ನ ಅಳೆದು ಮೈನಸ್ 27 ಕೇಳತ್ತೆ. ಫೆಸ್ಟಿವಲ್‌ಗಳಿಗೆ ಅವರವರ ಪಟ್ಟಿ ಇರತ್ತೆ, ಓದಿ ಕಳಿಸಿ. ಟ್ರೂ ಪೀಕ್, ಅಂದ್ರೆ ಶಬ್ದ ಮುಟ್ಟೋ ಅತಿ ಮೇಲಿನ ಮಟ್ಟ, ಮೈನಸ್ 1 ದಾಟ್ಬಾರ್ದು, ಮೈನಸ್ 2 ಇದ್ರೆ ಎಲ್ಲಾ ಕಡೆ ನಡೀತದೆ. ಎಲ್ಲನೂ ಜೋರು ಮಾಡಿ ತುಂಬ್ಸೋ ಆಸೆ ಬಿಡಿ, ನಮ್ಮ ಬಸ್ ಜೋರು ಅನ್ಸೋದು ಅದಕ್ಕೆ ಮುಂಚೆ ಹುಳ ಮೆಲ್ಲಗಿದ್ದಿದ್ರಿಂದ.

ಹೆಡ್‌ಫೋನ್ ಒಂದರಲ್ಲೇ ಮಿಕ್ಸ್ ಮುಗಿಸ್ಬೇಡಿ. ಫೋನಿನ ಸ್ಪೀಕರಲ್ಲಿ ಕೇಳಿ, ಅಲ್ಲಿ ತಗ್ಗು ಸ್ವರ ಬರೋದೇ ಇಲ್ಲ, ದೂರದ ಬಸ್ಸಿನ ಆ ಗುಮ್ ಪೂರ್ತಿ ಮಾಯ ಆಗಿರತ್ತೆ. ಹಾಗಾಗಿದ್ರೆ ಬಸ್ಸಿಗೆ ಸ್ವಲ್ಪ ಸ್ಯಾಚುರೇಷನ್ ಹಾಕಿ ಮೇಲಿನ ಸ್ವರ ಹುಟ್ಸಿ, ಇಲ್ಲಾ 500-600 ಹರ್ಟ್ಸಿನ ತನಕ ಫಿಲ್ಟರ್ ಬಿಚ್ಚಿ. ಟಿವಿಲಿ ಕೇಳಿ, ಕಾರಲ್ಲಿ ಕೇಳಿ. ಊರಿನ ಹಾಲಲ್ಲಿ ಶೋ ಇದ್ರೆ ಒಂದು ದಿನ ಮುಂಚೆ ಹೋಗಿ ಖಾಲಿ ಹಾಲಲ್ಲಿ ಹಾಕ್ಸಿ, ಜನ ತುಂಬಿದ್ಮೇಲೆ ಅವ್ರ ಮೈ, ಬಟ್ಟೆ ಮಾರ್ದನಿ ಹೀರ್ಕೊಂಡು ಶಬ್ದ ಒಣಗತ್ತೆ ಅನ್ನೋದು ಲೆಕ್ಕದಲ್ಲಿರ್ಲಿ, ಭಾಷಣಕ್ಕೆ ಅಂತ ಇಟ್ಟಿರೋ ಮಿಕ್ಸರಲ್ಲಿ ಟ್ರೆಬಲ್ ಪೂರ್ತಿ ಏರ್ಸಿರ್ತಾರೆ, ಅದನ್ನ ಮಧ್ಯಕ್ಕೆ ತರ್ಸಿ, ಎಕೋ ಆನ್ ಇದೆಯಾ ನೋಡಿ ಆಫ್ ಮಾಡ್ಸಿ. ಮೈಕ್‌ಸೆಟ್ಟಿನ ಅಣ್ಣನ ಹತ್ರ ಚಾ ಕುಡೀತಾ ಹೇಳಿದ್ರೆ ಮಾಡ್ತಾರೆ, ಜನರೆದುರು ಹೇಳಿದ್ರೆ ಮಾಡಲ್ಲ.

ಎಕ್ಸ್‌ಪೋರ್ಟ್ ಮಾಡೋವಾಗ ಪೂರ್ತಿ ಮಿಕ್ಸ್ ಜೊತೆಗೆ ಮಾತು, ಮ್ಯೂಸಿಕ್, ಉಳಿದ ಶಬ್ದ ಅಂತ ಮೂರು ಬೇರೆ ವೇವ್ ಫೈಲೂ ತೆಗೆದಿಡಿ, ನಾಳೆ ಯಾರಾದ್ರೂ ಕೊಂಕಣಿಗೋ ಮಲಯಾಳಂಗೋ ಡಬ್ ಮಾಡ್ತೀವಿ ಅಂದ್ರೆ ಆಂಬಿಯೆನ್ಸ್ ಮತ್ತೆ ಕಟ್ಬೇಕಾಗಲ್ಲ. ನೀವು ಹಿಡಿದ ಮಳೆ, ಹುಳ, ಬಂದರಿನ ಫೈಲುಗಳಿಗೆ ಊರು, ತಿಂಗಳು, ಹೊತ್ತು ಸೇರ್ಸಿ ಹೆಸರಿಡಿ, 'ರೆಕಾರ್ಡಿಂಗ್ ಹೊಸದು ಎರಡು' ಅಂತ ಇಟ್ರೆ ಮುಂದಿನ ಚಿತ್ರದ ಹೊತ್ತಿಗೆ ಯಾವುದು ಯಾವುದು ನಿಮಗೇ ಗೊತ್ತಾಗಲ್ಲ. ಎರಡು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಮಳೆಗಾಲದಲ್ಲಿ ನಮ್ಮ ಕಡೆ ಥಂಡಿಗೆ ಒಂದಂತೂ ಕೈ ಕೊಡತ್ತೆ.